ಹಳೆಯ ಮೋಟಾರ್‌ಸೈಕಲ್ಲಿನ ಎಣ್ಣೆ ಜರಡಿ: ತಯಾರಕರಿಗೊಂದು ಪಾಠ

ಬಿಡಿಭಾಗಗಳ ವ್ಯಾಪಾರದಲ್ಲಿರುವ ಸದಸ್ಯರ ಬಳಿಗೂ ಸಣ್ಣ ವರ್ಕ್‌ಶಾಪ್ ನಡೆಸುವವರ ಬಳಿಗೂ ಹಳೆಯ ಮೋಟಾರ್‌ಸೈಕಲ್ ಮಾಲೀಕರು ಒಂದು ಚಿಕ್ಕ ಬೇಡಿಕೆಯೊಡನೆ ಬರುವುದುಂಟು. ಹರಿದುಹೋದ ಹಿತ್ತಾಳೆ ಜಾಲರಿಯೊಂದನ್ನು ಮುಂದಿಟ್ಟು, "ಇಂಥದ್ದೇ ಒಂದನ್ನು ಮಾಡಿಕೊಡುವಿರಾ?" ಎಂದು ಕೇಳುತ್ತಾರೆ. ಕೆಲಸ ಸುಲಭವೆಂದು ತೋರುತ್ತದೆ. ಆದರೆ ತಪ್ಪಾಗಿ ತಯಾರಾದ ಜರಡಿಯು ಎಂಜಿನ್ನನ್ನೇ ಹಾಳುಮಾಡಬಲ್ಲದು. ಆದುದರಿಂದ ಈ ಭಾಗದ ಕಾರ್ಯವನ್ನು ಅರಿತ ಬಳಿಕವೇ ಆರ್ಡರನ್ನು ಒಪ್ಪಿಕೊಳ್ಳುವುದು ಲೇಸು.

ಯಾವ ಎಂಜಿನ್ನಿಗೆ ಜರಡಿ ಬೇಕು?

ನಮ್ಮಲ್ಲಿ ಹಳೆಯ ಮೋಟಾರ್‌ಸೈಕಲ್ ಎಂದೊಡನೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿಗಳು ನೆನಪಾಗುತ್ತವೆ. ಅವು ಟೂ ಸ್ಟ್ರೋಕ್ ಎಂಜಿನ್ನುಗಳು. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯು ಅದರೊಂದಿಗೇ ಉರಿದುಹೋಗುವುದರಿಂದ ಅಲ್ಲಿ ಈ ಜರಡಿಯ ಪ್ರಶ್ನೆ ಉದ್ಭವಿಸುವುದಿಲ್ಲ. ಅದೇ ಎಣ್ಣೆಯು ಮತ್ತೆ ಮತ್ತೆ ಸುತ್ತುವ ಫೋರ್ ಸ್ಟ್ರೋಕ್ ಎಂಜಿನ್ನುಗಳಲ್ಲಿ ಜರಡಿ ಅತ್ಯಗತ್ಯ.

ಇದಕ್ಕೆ ಉತ್ತಮ ಉದಾಹರಣೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದ ಬಿ.ಎಸ್.ಎ. ಸಂಸ್ಥೆಯು ತಯಾರಿಸಿದ ಎಂ20. 1937ರಲ್ಲಿ ಹೊರಬಂದ ಈ 496 ಸಿ.ಸಿ. ವಾಹನವು ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಒಂದು ಲಕ್ಷಕ್ಕೂ ಮೀರಿದ ಸಂಖ್ಯೆಯಲ್ಲಿ ಪೂರೈಕೆಯಾಯಿತು. ಇದರಲ್ಲಿ ಎಣ್ಣೆಗೆ ಪ್ರತ್ಯೇಕ ಟ್ಯಾಂಕ್ ಇದೆ. ಪಂಪಿನ ಒಂದು ಜೋಡಿ ಗಿಯರುಗಳು ಟ್ಯಾಂಕಿನ ಎಣ್ಣೆಯನ್ನು ಬೇರಿಂಗುಗಳಿಗೆ ಒದಗಿಸುತ್ತವೆ. ಇನ್ನೊಂದು ಜೋಡಿ ಕ್ರ್ಯಾಂಕ್‌ಕೇಸಿನ ತಳಕ್ಕೆ ಇಳಿದ ಎಣ್ಣೆಯನ್ನು ಎಳೆದು ಟ್ಯಾಂಕಿಗೆ ಹಿಂದಿರುಗಿಸುತ್ತವೆ. ಟ್ಯಾಂಕಿನಲ್ಲಿ ಒಂದು, ಕ್ರ್ಯಾಂಕ್‌ಕೇಸಿನ ತಳದಲ್ಲಿ ಒಂದು ಜಾಲರಿ ಇರುತ್ತದೆ.

ಟ್ಯಾಂಕಿನ ಜಾಲರಿ ಕಟ್ಟಿಕೊಂಡರೆ ಬೇರಿಂಗುಗಳಿಗೆ ಎಣ್ಣೆ ದೊರೆಯದು. ತಳದ ಜಾಲರಿ ಕಟ್ಟಿಕೊಂಡರೆ ಎಣ್ಣೆಯು ಕ್ರ್ಯಾಂಕ್‌ಕೇಸಿನಲ್ಲಿಯೇ ನಿಂತು, ಹೊಗೆ ಹೆಚ್ಚಿ, ಟ್ಯಾಂಕ್ ಬರಿದಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಕೊನೆಗೆ ಆಗುವುದು ಎಂಜಿನ್ ಹಿಡಿದುಕೊಳ್ಳುವುದೇ.

ನುಣುಪು ಹೆಚ್ಚಿದಷ್ಟೂ ಒಳ್ಳೆಯದೇ?

ಹೊಸಬರು ಎಡವುವುದು ಇಲ್ಲಿಯೇ. ಕಿಂಡಿ ಚಿಕ್ಕದಾದಷ್ಟೂ ಕಸ ಹೆಚ್ಚು ತಡೆಯಲ್ಪಡುವುದೆಂದು ಭಾವಿಸಿ ನುಣುಪಾದ ಜಾಲರಿಯನ್ನು ಹಾಕುತ್ತಾರೆ. ಆದರೆ ಈ ಎರಡೂ ಜರಡಿಗಳು ಪಂಪಿನ ಹೀರುವ ಬದಿಯಲ್ಲಿವೆ. ತಳ್ಳುವ ಬದಿಯಲ್ಲಿ ಪಂಪು ಒತ್ತಡವನ್ನು ಹೆಚ್ಚಿಸಿಕೊಳ್ಳಬಲ್ಲದು. ಹೀರುವ ಬದಿಯಲ್ಲಿ ಅದಕ್ಕೆ ನೆರವಾಗುವುದು ವಾಯುಮಂಡಲದ ಒತ್ತಡ ಮಾತ್ರ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ. ಅಡಚಣೆ ಹೆಚ್ಚಿದರೆ ಎಣ್ಣೆಯ ಹರಿವು ಕುಗ್ಗುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಅಂಗುಲಕ್ಕೆ 40 ಕಿಂಡಿಗಳಿರುವುದು 40 ಮೆಶ್ ಜಾಲರಿ. ತಂತಿಯ ದಪ್ಪ 0.20 ಮಿ.ಮೀ. ಇದ್ದರೆ ಕಿಂಡಿಯ ಅಗಲ 0.435 ಮಿ.ಮೀ., ತೆರೆದ ಭಾಗ ಶೇ. 47. ಅದೇ 100 ಮೆಶ್ ಜಾಲರಿಯಲ್ಲಿ ತಂತಿ 0.10 ಮಿ.ಮೀ. ಇದ್ದರೆ ಕಿಂಡಿ 0.154 ಮಿ.ಮೀ., ತೆರೆದ ಭಾಗ ಶೇ. 37. ತೆರೆದ ಭಾಗದ ಅಂತರ ಅಲ್ಪವೆಂದು ತೋರಿದರೂ ಕಿಂಡಿ ಕಿರಿದಾದಂತೆ ಮಂದವಾದ ಎಣ್ಣೆಗೆ ಅಡ್ಡಿ ಹೆಚ್ಚುವುದರಿಂದ, ಎರಡನೆಯದರ ಪ್ರತಿರೋಧ ಮೊದಲನೆಯದರ ಮೂರು ಪಟ್ಟನ್ನೂ ಮೀರುತ್ತದೆ. ಚಳಿಗಾಲದ ಮುಂಜಾವಿನಲ್ಲಿ ಎಣ್ಣೆ ಗಟ್ಟಿಯಾಗಿರುವಾಗ ಇದರ ಪರಿಣಾಮ ತಿಳಿಯುತ್ತದೆ. ಮೇಲಾಗಿ ನುಣುಪಾದ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ. ಈ ಜರಡಿಯ ಕೆಲಸ ಪಂಪಿನ ಗಿಯರುಗಳನ್ನು ದೊಡ್ಡ ಚೂರುಗಳಿಂದ ಕಾಪಾಡುವುದಷ್ಟೇ. ಸೂಕ್ಷ್ಮ ಧೂಳಿಗೆ ಪರಿಹಾರ ಸಕಾಲದಲ್ಲಿ ಎಣ್ಣೆ ಬದಲಿಸುವುದು.

ಆದ್ದರಿಂದ ನಿಯಮ ಇಷ್ಟೇ: ಮೂಲ ಜಾಲರಿಯ ಒಂದು ಅಂಗುಲದಲ್ಲಿ ಎಷ್ಟು ತಂತಿಗಳಿವೆಯೆಂದು ಭೂತಗನ್ನಡಿಯಿಂದ ಎಣಿಸಬೇಕು, ತಂತಿಯ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆಯಬೇಕು, ಅದರಂತೆಯೇ ಮಾಡಬೇಕು.

ತಯಾರಿಕೆಯ ಕ್ರಮ

1. ಹಿತ್ತಾಳೆ ಅಥವಾ ಫಾಸ್ಫರ್ ಬ್ರಾಂಝ್ ಜಾಲರಿಯನ್ನು ಆರಿಸಬೇಕು. ಸತುವಿನ ಲೇಪವುಳ್ಳ ಕಬ್ಬಿಣದ ಜಾಲರಿ ಸಲ್ಲದು. ಲೇಪ ಕಿತ್ತು ಎಣ್ಣೆಯಲ್ಲಿ ಸೇರಬಹುದು. ಸ್ಟೇನ್‌ಲೆಸ್ ಸ್ಟೀಲ್ ಉತ್ತಮವೇ ಆದರೂ ಅದಕ್ಕೆ ಸಾಮಾನ್ಯ ಫ್ಲಕ್ಸ್‌ನಿಂದ ಬೆಸುಗೆ ಹಿಡಿಯದು. ಸ್ಪಾಟ್ ವೆಲ್ಡಿಂಗ್ ಬೇಕಾಗುತ್ತದೆ.

2. ಕಾಗದದ ಮಾದರಿಯನ್ನಿಟ್ಟು ಜಾಲರಿಯನ್ನು ಕತ್ತರಿಸಬೇಕು. ಕೊಳವೆಯಾಕಾರದ್ದಾದರೆ ಲೇತಿನಲ್ಲಿ ತಿರುಗಿಸಿದ ಸರಳಿನ ಮೇಲೆ ಸುತ್ತಿ, 4ರಿಂದ 5 ಮಿ.ಮೀ. ಅಂಚು ಒಂದರ ಮೇಲೊಂದು ಬರುವಂತೆ ನೋಡಿಕೊಳ್ಳಬೇಕು.

3. ಕತ್ತರಿಸಿದ ತುದಿಗಳನ್ನು ಚೌಕಟ್ಟಿನೊಳಗೆ ಮಡಚಿ ಮುಚ್ಚಬೇಕು. ಬಿಟ್ಟುಬಂದ ತಂತಿಯ ಚೂರೊಂದು ಪಂಪಿಗೆ ಹೋದರೆ ಜರಡಿಯೇ ಶತ್ರುವಾಗುತ್ತದೆ.

4. ತವರ–ಸೀಸದ ಬೆಸುಗೆ ಸುಮಾರು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. ಎಂಜಿನ್ನಿನ ಎಣ್ಣೆಯ ಸಾಮಾನ್ಯ ಶಾಖಕ್ಕೆ ಇದು ಸಾಕು. ಬೆಸುಗೆಯು ಕಿಂಡಿಗಳಿಗೆ ಹರಿಯಬಾರದು, ಅದರ ಹನಿಗಳು ಅಂಟಿಕೊಂಡಿರಬಾರದು. ಉಳಿದ ಫ್ಲಕ್ಸನ್ನು ಬಿಸಿನೀರಿನಿಂದ ತೊಳೆದು ಒಣಗಿಸಬೇಕು.

5. ಬೆಳಕಿಗೆ ಹಿಡಿದು ಪರೀಕ್ಷಿಸಬೇಕು. ಮೂಲ ಜರಡಿಯು ಪೂರ್ಣವಾಗಿದ್ದರೆ, ಅದರಲ್ಲಿಯೂ ಹೊಸದರಲ್ಲಿಯೂ ಒಂದೇ ಎಣ್ಣೆಯನ್ನು ಸಮಪ್ರಮಾಣದಲ್ಲಿ ಹಾಯಿಸಿ ಕಾಲವನ್ನು ಹೋಲಿಸುವುದು ಉತ್ತಮ. ಸೀಮೆಎಣ್ಣೆ ತೀರ ತೆಳುವಾದುದರಿಂದ ಈ ಪರೀಕ್ಷೆಗೆ ಸಾಲದು.

ಜೋಡಣೆಯಲ್ಲಿ ಎಚ್ಚರ

ಹಳೆಯ ಜರಡಿಯಲ್ಲಿ ಸಿಕ್ಕ ಕಸವನ್ನು ಎಸೆಯುವ ಮೊದಲು ಪರಿಶೀಲಿಸಬೇಕು. ಆಯಸ್ಕಾಂತಕ್ಕೆ ಅಂಟುವ ಚೂರುಗಳು ಬೇರಿಂಗ್ ಅಥವಾ ಗಿಯರಿನ ಸವೆತವನ್ನೂ, ಹಳದಿ ಚೂರುಗಳು ಬುಷ್‌ಗಳ ಸವೆತವನ್ನೂ ಸೂಚಿಸಬಹುದು. ಹೊಸ ಗ್ಯಾಸ್ಕೆಟ್ ಹಾಕಿ ನಟ್ಟುಗಳನ್ನು ಸಮನಾಗಿ ಬಿಗಿಯಬೇಕು. ಸಿಲಿಕಾನ್ ಅಂಟನ್ನು ಧಾರಾಳವಾಗಿ ಬಳಿದರೆ ಒಳಕ್ಕೆ ಹಿಂಡಿದ ಭಾಗವು ಕಿತ್ತು ಬಂದು ಜಾಲರಿಯನ್ನು ಮುಚ್ಚೀತು. ಎಂಜಿನ್ ಚಾಲೂ ಮಾಡಿದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಎಣ್ಣೆ ಹಿಂದಿರುಗುತ್ತಿದೆಯೇ ಎಂದು ನೋಡಬೇಕು; ಒಂದೆರಡು ನಿಮಿಷಗಳಲ್ಲಿ ಬಾರದಿದ್ದರೆ ಕೂಡಲೇ ನಿಲ್ಲಿಸಬೇಕು.

ವ್ಯಾಪಾರದ ದೃಷ್ಟಿ

ಇಂತಹ ಭಾಗಗಳನ್ನು ಮಾರುವಾಗ ಹೆಸರಿನ ಬಗ್ಗೆ ಜಾಗ್ರತೆ ಬೇಕು. ಬಿ.ಎಸ್.ಎ. ಹೆಸರನ್ನು 2016ರಲ್ಲಿ ಮಹೀಂದ್ರ ಸಮೂಹಕ್ಕೆ ಸೇರಿದ ಕ್ಲಾಸಿಕ್ ಲೆಜೆಂಡ್ಸ್ ಕೊಂಡುಕೊಂಡಿತು. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ 30ನೆಯ ಸೆಕ್ಷನ್, ಬಿಡಿಭಾಗವು ಯಾವ ವಾಹನಕ್ಕೆ ಹೊಂದುತ್ತದೆಂದು ತಿಳಿಸಲು ಅಗತ್ಯವಿದ್ದಷ್ಟು ಮಟ್ಟಿಗೆ ಆ ಹೆಸರನ್ನು ಪ್ರಾಮಾಣಿಕವಾಗಿ ಬಳಸಲು ಅವಕಾಶ ನೀಡುತ್ತದೆ. ಪೊಟ್ಟಣದ ಮೇಲೆ ತಯಾರಕರ ಸ್ವಂತ ಹೆಸರು ಎದ್ದು ಕಾಣಲಿ. "ಎಂ20ಕ್ಕೆ ಹೊಂದುವಂಥದ್ದು" ಎಂಬ ಮಾತು ಜೊತೆಗಿರಲಿ. ಮೆಶ್ ಸಂಖ್ಯೆ, ತಂತಿಯ ದಪ್ಪ ಮತ್ತು ಲೋಹವನ್ನು ನಮೂದಿಸಿ, ಒಂದು ಮಾದರಿಯನ್ನು ತಮ್ಮಲ್ಲಿಯೇ ಇಟ್ಟುಕೊಂಡರೆ ಮುಂದಿನ ಆರ್ಡರಿಗೆ ಅದೇ ಆಧಾರ.

ಜರಡಿಗೆ ತಗಲುವ ಜಾಲರಿ ಅಂಗೈಯಗಲದ್ದು. ಅದನ್ನು ನಂಬಿರುವ ಎಂಜಿನ್ನಾದರೋ ಮತ್ತೆ ತಯಾರಾಗದಂಥದ್ದು. ಬೆಲೆಯನ್ನು ನಿಗದಿಪಡಿಸುವಾಗ ಜಾಲರಿಯ ತೂಕವನ್ನಲ್ಲದೆ ಅಳತೆ ಮತ್ತು ಪರೀಕ್ಷೆಗೆ ಹಿಡಿದ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯವೇ ಆಗಿದೆ.