ಗ್ರೀನ್ ಟೀ ಕ್ಯಾನ್ಸರ್‌ಗೆ ಮದ್ದೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ನೋಡಿ

‘ಗ್ರೀನ್ ಟೀ ಕ್ಯಾನ್ಸರ್ ಕೋಶಗಳನ್ನು ಕಟ್ಟಿಹಾಕುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ಗೆ ಬಂದರೆ ಪೂರಾ ಸುಳ್ಳೆಂದು ತಳ್ಳಿಹಾಕಬೇಡಿ. ಅದರ ಹಿಂದೆ ನಿಜವಾದ ಪ್ರಯೋಗವಿದೆ. ಆದರೆ ಪ್ರಯೋಗ ಹೇಳಿದ್ದು ಒಂದು, ಮಾತ್ರೆ ಮಾರುವವರು ಹೇಳುವುದು ಇನ್ನೊಂದು.

1. ಅಳೆದದ್ದು ಏನನ್ನು?
ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಕೋಶಕ್ಕೆ ಆಕಾರವನ್ನೂ ಬಿಗಿಯನ್ನೂ ಕೊಡುತ್ತವೆ. ದೇಹದಲ್ಲಿ ಹರಡುವ ಕ್ಯಾನ್ಸರ್ ಕೋಶಗಳಲ್ಲಿ ಈ ಹಂದರ ಸಾಮಾನ್ಯವಾಗಿ ಸಡಿಲ. ಹಾಗಾಗಿ ಅವು ಇಕ್ಕಟ್ಟಿನಲ್ಲೂ ನುಸುಳಬಲ್ಲವು. ಕ್ಯಾನ್ಸರ್ ಗಡ್ಡೆ ಮುಟ್ಟಿದರೆ ಗಟ್ಟಿಯಾಗಿರುತ್ತದಲ್ಲ ಎನ್ನಬಹುದು. ಆ ಗಟ್ಟಿತನ ಬಹುಪಾಲು ಸುತ್ತಲಿನ ನಾರಿನಂಶದ್ದು. ಒಳಗಿನ ಕೋಶ ಮೆತ್ತಗೇ ಇರುತ್ತದೆ.

ಈ ಮೆತ್ತನೆತನವನ್ನು ಅಳೆಯಲು ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ಬಳಸುತ್ತಾರೆ. ಹಿಟ್ಟಿನ ಹದ ನೋಡಲು ಬೆರಳಲ್ಲಿ ಒತ್ತುವಂತೆ, ಅದರ ಅತಿಸೂಕ್ಷ್ಮ ಮೊನೆ ಜೀವಂತ ಕೋಶವನ್ನು ಒತ್ತಿ ನೋಡುತ್ತದೆ. ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2007ರಲ್ಲಿ, ರೋಗಿಗಳ ದೇಹದ್ರವದಿಂದ ತೆಗೆದ ಹರಡುವ ಕ್ಯಾನ್ಸರ್ ಕೋಶಗಳು ಸಹಜ ಕೋಶಗಳಿಗಿಂತ 70%ಗೂ ಹೆಚ್ಚು ಮೆತ್ತಗಿವೆ ಎಂದು ತೋರಿಸಿದರು. 2011ರಲ್ಲಿ ಅದೇ ತಂಡ ಅಂಥ ಕೋಶಗಳಿಗೆ ಗ್ರೀನ್ ಟೀ ಸಾರ ಹಾಕಿದಾಗ ಅವು ಬಿಗಿಯಾದವು. ಅಂದರೆ ಅಳೆದದ್ದು ಬಿಗಿಯನ್ನು, ರೋಗಿ ಗುಣವಾದದ್ದನ್ನಲ್ಲ.

2. ಎಲ್ಲಿ ನಡೆದದ್ದು?
ಪ್ರಯೋಗಾಲಯದ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಇದು ತಟ್ಟೆಯಲ್ಲಿ ನಡೆದದ್ದು.

3. ಎಷ್ಟು ಪ್ರಮಾಣ?
ಸುದ್ದಿಗಳು ಸಾಮಾನ್ಯವಾಗಿ ಜಾರಿಕೊಳ್ಳುವುದು ಇಲ್ಲಿ. ಗ್ರೀನ್ ಟೀಯ ಮುಖ್ಯ ಫ್ಲೇವನಾಯ್ಡ್ (ಸಸ್ಯಗಳಲ್ಲಿರುವ ಒಂದು ಬಗೆಯ ರಾಸಾಯನಿಕ) ಇಜಿಸಿಜಿ. ಪ್ರಯೋಗಾಲಯಗಳಲ್ಲಿ ಇದನ್ನು ಹೆಚ್ಚಾಗಿ 10ರಿಂದ 100 ಮೈಕ್ರೋಮೋಲಾರ್ ಪ್ರಮಾಣದಲ್ಲಿ ಬಳಸುತ್ತಾರೆ. ಕೆಲವು ಕಪ್ ಕುಡಿದವರ ರಕ್ತದಲ್ಲಿ ಸಿಗುವುದು ಸಾಮಾನ್ಯವಾಗಿ 1 ಮೈಕ್ರೋಮೋಲಾರ್‌ಗೂ ಕಡಿಮೆ.

4. ಹಾಗಾದರೆ ಮಾತ್ರೆ ನುಂಗಬಹುದೇ?
ನಿಮ್ಮಷ್ಟಕ್ಕೆ ಬೇಡ. ಪೂರಕ ಮಾತ್ರೆಗಳಿಂದ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಸೇವಿಸಿದರೆ ಯಕೃತ್ತಿಗೆ ತೊಂದರೆಯಾಗಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಬೋರ್ಟೆಜೊಮಿಬ್ ಎಂಬ ಔಷಧಿ ಪಡೆಯುವ ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರ್‌ನ ರೋಗಿಗಳಂತೂ ಇನ್ನೂ ಎಚ್ಚರದಿಂದಿರಬೇಕು: ಇಜಿಸಿಜಿ ಆ ಔಷಧಿಗೆ ಅಂಟಿಕೊಂಡು ಅದರ ಕೆಲಸವನ್ನೇ ತಡೆಯುತ್ತದೆ ಎಂದು 2009ರಲ್ಲಿ ಕೋಶಗಳ ಮತ್ತು ಇಲಿಗಳ ಮೇಲಿನ ಅಧ್ಯಯನ ಕಂಡುಕೊಂಡಿದೆ. ರುಚಿಗೆಂದು ಒಂದು ಕಪ್ ಕುಡಿಯುವ ಆರೋಗ್ಯವಂತರು ಗಾಬರಿಯಾಗಬೇಕಿಲ್ಲ.

ಮನೆಯಲ್ಲಿ ಯಾರಾದರೂ ಕೀಮೋ ಪಡೆಯುತ್ತಿದ್ದರೆ ಅವರು ಸೇವಿಸುವ ಕಷಾಯ, ಪುಡಿ, ಮಾತ್ರೆಗಳ ಡಬ್ಬಿಗಳನ್ನೆಲ್ಲ ಮುಂದಿನ ಭೇಟಿಗೆ ಒಯ್ದು ಡಾಕ್ಟರಿಗೆ ತೋರಿಸಿ.