ಭರತದ ಬಲವೂ ಕೆಸರಿನ ಬದುಕೂ

ಚಂದ್ರಸೂರ್ಯರ ಆಕರ್ಷಣೆಯಿಂದ ಸಮುದ್ರದಲ್ಲಿ ಭರತ-ಇಳಿತಗಳು ಉಂಟಾಗುವುವೆಂಬುದನ್ನು ನಾವೆಲ್ಲರೂ ಬಲ್ಲೆವು. ಕೆನಡ ದೇಶದ ಪೂರ್ವತೀರದ ಫಂಡಿ ಕೊಲ್ಲಿಯಲ್ಲಿ ಇವು ಅಸಾಧಾರಣ ರೂಪವನ್ನು ತಾಳುವುವು. ಅದರ ಒಳತುದಿಯ ಮೈನಸ್ ಎಂಬ ಒಳಗಡಲಿನಲ್ಲಿ ನೀರು ಕೆಲವೊಮ್ಮೆ 16 ಮೀಟರುಗಳಷ್ಟು ಏರಿಳಿಯುವುದುಂಟು. ಇದಕ್ಕೆ ಕಾರಣವೇನು? ಫಂಡಿ ಮತ್ತು ಅದರ ಹೊರಗಿನ ಮೇನ್ ಕೊಲ್ಲಿಗಳ ನೀರು ಒಮ್ಮೆ ಹಿಂದುಮುಂದಾಗಿ ತೂಗಲು ಸುಮಾರು 13 ಗಂಟೆಗಳು ಬೇಕು. ಸಾಗರದ ಭರತವಾದರೋ 12 ಗಂಟೆ 25 ನಿಮಿಷಗಳಿಗೊಮ್ಮೆ ಬರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಹೊಂದುವಂತೆ ನೂಕಿದರೆ ಎತ್ತರಕ್ಕೆ ಏರುವುದಲ್ಲವೆ? ಇಲ್ಲಿಯೂ ಹಾಗೆಯೇ.

ಈ ಬಲವನ್ನು ವಿದ್ಯುತ್ತಾಗಿ ಮಾರ್ಪಡಿಸುವ ತತ್ತ್ವ ಸರಳವಾದುದು. ಅಳಿವೆಗೆ ಅಡ್ಡಲಾಗಿ ಕಟ್ಟೆ ಕಟ್ಟಿ, ಭರತದ ನೀರನ್ನು ಒಳಗೆ ತುಂಬಿಸಿಕೊಂಡು, ಹೊರಗಿನ ನೀರು ಇಳಿದ ಮೇಲೆ ಅದನ್ನು ಟರ್ಬೈನುಗಳ ಮೂಲಕ ಹರಿಸಿದರಾಯಿತು. ಫ್ರಾನ್ಸಿನ ರಾನ್ಸ್ ನದಿಯ ಅಳಿವೆಯಲ್ಲಿ 1966ರಲ್ಲಿ 240 ಮೆಗಾವಾಟ್ ಸಾಮರ್ಥ್ಯದ ಕೇಂದ್ರವೊಂದು ಆರಂಭವಾಯಿತು. ಫಂಡಿಗೆ ಸೇರಿದ ಅನ್ನಾಪೊಲಿಸ್ ನದಿಯಲ್ಲಿ 1984ರಲ್ಲಿ 20 ಮೆಗಾವಾಟಿನ ಕೇಂದ್ರ ಬಂದಿತು. ಮೈನಸ್ ಒಳಗಡಲಿಗೇ ಕಟ್ಟೆ ಕಟ್ಟುವ ಬೃಹತ್ ಯೋಜನೆಯೂ ಚರ್ಚೆಯಲ್ಲಿದ್ದಿತು.

ಆದರೆ ಅಲ್ಲಿನ ಜೀವಿಗಳ ಗತಿಯೇನು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಅಕಾಡಿಯಾ ವಿಶ್ವವಿದ್ಯಾನಿಲಯದ ಜೀವವಿಜ್ಞಾನಿ ಗ್ರಹಾಂ ಡಾಬಾರ್ನ್ ಒಬ್ಬರು. ಮೊದಲಿಗೆ ಅವರು ಪಶ್ಚಿಮ ಕೆನಡದಲ್ಲಿ ಚಳಿಗಾಲದಲ್ಲಿ ತಳದವರೆಗೂ ಹೆಪ್ಪುಗಟ್ಟುವ ಕಿರುಕೊಳಗಳ ಜೀವಿಗಳನ್ನು ಅಭ್ಯಸಿಸಿದ್ದರು. 1985ರಲ್ಲಿ ಆ ವಿಶ್ವವಿದ್ಯಾನಿಲಯದಲ್ಲಿ ಅಳಿವೆಗಳ ಸಂಶೋಧನಾ ಕೇಂದ್ರವು ಸ್ಥಾಪಿತವಾದಾಗ ಅದರ ಮೊದಲ ನಿರ್ದೇಶಕರಾದರು.

ಅಳಿವೆಯ ಮರ್ಮ ಒಂದೇ ಶಾಸ್ತ್ರಕ್ಕೆ ದಕ್ಕುವುದಿಲ್ಲ. ಆದುದರಿಂದ 1989ರ ಬೇಸಗೆಯಲ್ಲಿ ಮೈನಸ್ ತೀರದ ಕೆಸರುಬಯಲಿನಲ್ಲಿ ಜೀವವಿಜ್ಞಾನಿಗಳೂ ಭೂವಿಜ್ಞಾನಿಗಳೂ ಕೂಡಿ ಅಳತೆಗಳನ್ನು ಮಾಡಿದರು. ಕಂಡುದು ವಿಸ್ಮಯಕರ. ಕೆಸರಿನ ಮೇಲ್ಮೈಯಲ್ಲಿ ಬೆಳೆಯುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಲೋಳೆಯನ್ನು ಸ್ರವಿಸಿ ಮಣ್ಣಿನ ಕಣಗಳನ್ನು ಅಂಟಿಸುವುವು. ಸಿಗಡಿಯ ಬಂಧುವಾದ ಕೊರೋಫಿಯಂ ಎಂಬ ಕಿರುಜೀವಿ ಈ ಪಾಚಿಯನ್ನು ಮೇಯುವುದು. ಉತ್ತರಮೇರುವಿನ ಸೀಮೆಯಿಂದ ದಕ್ಷಿಣ ಅಮೆರಿಕಕ್ಕೆ ಹೊರಟ ಗೊರವ ಜಾತಿಯ ಪುಟ್ಟ ಹಕ್ಕಿಗಳು ಇಲ್ಲಿ ತಂಗಿ ಕೊರೋಫಿಯಂಗಳನ್ನು ತಿನ್ನುವುವು. ಆಗ ಪಾಚಿ ಹೆಚ್ಚಿ, ಕೆಸರು ಗಟ್ಟಿಯಾಗಿ, ನೀರಿನ ಕೊರೆತವನ್ನು ತಡೆಯುವುದು. ಹಕ್ಕಿಯ ಊಟಕ್ಕೂ ನೆಲದ ಸ್ಥಿರತೆಗೂ ಇಂತಹ ನಂಟು!

ಮೀನುಗಳ ವಿಷಯವೂ ಹೀಗೆಯೇ. ಮೈಕೆಲ್ ಡ್ಯಾಡ್ಸ್‌ವೆಲ್ ಮತ್ತು ಸಂಗಡಿಗರು ಶ್ಯಾಡ್ ಮೀನುಗಳಿಗೆ ಗುರುತುಪಟ್ಟಿ ಕಟ್ಟಿ ಬಿಟ್ಟು ನೋಡಿದಾಗ, ದೂರದ ಫ್ಲಾರಿಡದ ನದಿಯಲ್ಲಿ ಹುಟ್ಟಿದವು ಕೂಡ ಬೇಸಗೆಯಲ್ಲಿ ಫಂಡಿಗೆ ಬರುವುದು ತಿಳಿಯಿತು. ಇಲ್ಲಿ ಟರ್ಬೈನಿಗೆ ಸಿಕ್ಕ ಮೀನು ಎಷ್ಟೋ ದೂರದ ನದಿಗೆ ನಷ್ಟ.

ಅನ್ನಾಪೊಲಿಸ್ ಕೇಂದ್ರ 2019ರಲ್ಲಿ ನಿಂತಿತು. ಯಂತ್ರದ ಕೆಡಕಿನೊಡನೆ ಮೀನುಗಳ ಹಾನಿಯೂ ಕಾರಣವಾಗಿದ್ದಿತು. ಅನಂತರ ಅದು ಮತ್ತೆ ನಡೆಯಲಿಲ್ಲ. ಭರತಶಕ್ತಿಗೆ ಹೊಗೆಯಿಲ್ಲ, ಬೂದಿಯಿಲ್ಲ, ನಿಜ. ಆದರೆ ಅದರ ಬೆಲೆಯನ್ನು ಅರಿಯಬೇಕಾದರೆ ಎಂಜಿನಿಯರನ ಲೆಕ್ಕದ ಪಕ್ಕದಲ್ಲಿ ಕೆಸರನ್ನು ಬಲ್ಲವನ ಲೆಕ್ಕವನ್ನೂ ಇಡಬೇಕು. ಅದೂ ಕಟ್ಟೆ ಏಳುವುದಕ್ಕೆ ಮೊದಲೇ.