ಆಪ್ಟಿಕಲ್ ಫೈಬರ್ ಕೇಬಲ್: ಅಂತಿಮ ಬಿಲ್ಲಿಗೆ ಮುನ್ನ ಪರೀಕ್ಷೆ

2011ರಲ್ಲಿ ಮಂಜೂರಾಗಿ, ಅನಂತರ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯು ಗ್ರಾಮ ಪಂಚಾಯತಿಗಳತ್ತ ಆಪ್ಟಿಕಲ್ ಫೈಬರ್ ಕೇಬಲನ್ನು ಒಯ್ದಿತು. ಇಂತಹುದೇ ಕೇಬಲನ್ನು ಕಾರ್ಖಾನೆ ಮತ್ತು ಗೋದಾಮಿನ ನಡುವೆ ಹಾಕಿಸುವ ಉದ್ಯಮಿಗಳು, ಸಂಪರ್ಕ ಬಂದಿತೆಂದ ಮಾತ್ರಕ್ಕೆ ಅಂತಿಮ ಬಿಲ್ಲನ್ನು ಪಾವತಿಸಬಾರದು. ಪರೀಕ್ಷಾ ಪ್ರಮಾಣಪತ್ರವೇ ಈ ಕಾಮಗಾರಿಯ ನಿಜವಾದ ವೋಚರು.

ಮೊದಲು ನಷ್ಟದ ಅಂದಾಜುಪತ್ರ ಸಿದ್ಧವಿರಬೇಕು. ಬೆಳಕಿನ ನಷ್ಟವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. 3 ಡೆಸಿಬೆಲ್ ನಷ್ಟವೆಂದರೆ ಬೆಳಕು ಅರ್ಧವಾದಂತೆ. ತುಬಚಿಯಲ್ಲಿ ಗಿರಣಿ, 2 ಕಿ.ಮೀ. ದೂರದಲ್ಲಿ ಗೋದಾಮು ಎಂದು ಭಾವಿಸೋಣ. ಸಿಂಗಲ್ ಮೋಡ್ ತಂತುವಿಗೆ ಕಿ.ಮೀ.ಗೆ 0.5ರಂತೆ 1.0, ಎರಡು ಕನೆಕ್ಟರುಗಳಿಗೆ ತಲಾ 0.75ರಂತೆ 1.5, ಎರಡು ಬೆಸುಗೆಗಳಿಗೆ ತಲಾ 0.3ರಂತೆ 0.6, ಒಟ್ಟು 3.1 ಡೆಸಿಬೆಲ್. ನಷ್ಟ ಇದನ್ನು ಮೀರಿದರೆ ಬಿಲ್ಲನ್ನು ತಡೆಹಿಡಿಯತಕ್ಕದ್ದು.

ಪರೀಕ್ಷೆಯ ದಿನ ಕನೆಕ್ಟರುಗಳ ತುದಿಯನ್ನು ಶುಚಿಗೊಳಿಸಬೇಕು. ನೂಲಿನ ಧೂಳೂ ಬೆಳಕನ್ನು ತಡೆಯುತ್ತದೆ. ಬಳಿಕ ಪರೀಕ್ಷಾ ತಂತುವಿನೊಡನೆ ಮೀಟರನ್ನು ಸೊನ್ನೆಗೆ ಹೊಂದಿಸಬೇಕು. ಇದು ಆರಂಭದ ಶಿಲ್ಕು; ಇದು ತಪ್ಪಿದರೆ ಅಖೈರು ಶಿಲ್ಕೂ ತಪ್ಪುತ್ತದೆ. 1310 ಹಾಗೂ 1550 ನ್ಯಾನೋಮೀಟರ್ ಎರಡರಲ್ಲೂ ಅಳೆಯಿಸಿರಿ. ಕೇಬಲ್ ಅತಿಯಾಗಿ ಬಾಗಿದ್ದರೆ 1550ರಲ್ಲಿ ನಷ್ಟ ಎದ್ದು ಕಾಣುತ್ತದೆ. ದೋಷದ ದೂರವನ್ನು ತೋರಿಸುವ ಓಟಿಡಿಆರ್ ನಕ್ಷೆಯನ್ನು ಎರಡೂ ತುದಿಗಳಿಂದ ಪಡೆದು ಕಡತದಲ್ಲಿಡಿರಿ. ಮುಂದೆ ಕೇಬಲ್ ಕೆಟ್ಟಾಗ, ಹೊಣೆ ಯಾರದೆಂಬ ವಾದಕ್ಕೆ ಅದೇ ಸಾಕ್ಷಿ. ಈ ಷರತ್ತುಗಳೆಲ್ಲ ಕಾರ್ಯಾದೇಶದಲ್ಲಿಯೇ ಇರಬೇಕು. ಕೆಲಸ ಮುಗಿದ ಮೇಲೆ ಕೇಳಿದರೆ ಫಲವಿಲ್ಲ.